ಬಣ್ಣ ಹಿಡಿಯದ ನೀರು

ಮಗಳು ಗಿರಿಜಳ ಕಾಲು ಬಿದ್ದುಹೋದ ಮೇಲೆ ಹೊಂಬಾಳಮ್ಮನಿಗೆ ನೀರು ಕಂಡರೆ ಹೆದರಿಕೆಯಾಗತೊಡಗಿತು.

ಗಿರಿಜಳಿಗೆ ಆಗ ಮೂರು ವರ್ಷ. ಹಾಲ್ಕುರಿಕೆಯ ತವರಿನಲ್ಲಿ ತಮ್ಮನ ಮದುವೆ, ಬಿರುಬೇಸಿಗೆ. ಚಪ್ಪರದ ಮೂಲೆಯಲ್ಲಿದ್ದ ಸಿಮೆಂಟಿನ ತೊಟ್ಟಿಗೆ ಯಾರು ಯಾರೋ ಚೊಂಬು ಅದ್ದಿ ಕುಡಿದಿದ್ದರು, ಮಗುವೂ ಕುಡಿದಿತ್ತು. ಊರಿಗೆ ಹಿಂತಿರುಗಿದ ಸ್ವಲ್ಪ ದಿನಕ್ಕೆ ಜ್ವರ ಬಂತು. ಜ್ವರ ಬಿಟ್ಟ ಬೆಳಿಗ್ಗೆ ಮಗು ಚಾಪೆಯಿಂದ ಏಳಲು ಹೋಗಿ ಕುಸಿದು ಕೂತಿತು. ಅಳಲಿಲ್ಲ. ಏನಾಯಿತೆಂದು ತಿಳಿಯದೆ ತನ್ನ ಕಾಲುಗಳನ್ನೇ ನೋಡಿತು. ತಿಪಟೂರಿನ ಡಾಕ್ಟರು ಪೋಲಿಯೋ ಎಂದರು. ಹೊಲಸು ನೀರಿನಿಂದ, ತೊಳೆಯದ ಕೈಯಿಂದ ಹರಡುವ ರೋಗ ಎಂದರು. ಯಾವ ನೀರು, ಯಾರ ಕೈ ಎಂದು ಅವರಾದರೂ ಹೇಗೆ ಹೇಳಿಯಾರು? ಹೊಂಬಾಳಮ್ಮನ ಕಣ್ಣಿಗೆ ಮಾತ್ರ ಆ ತೊಟ್ಟಿಯೇ ಕಟ್ಟಿತು.

ಅಲ್ಲಿಂದಾಚೆಗೆ ಅವಳ ಮನೆಯಲ್ಲಿ ಕುದಿಯದ ನೀರು ಯಾರ ಬಾಯಿಗೂ ಹೋಗಲಿಲ್ಲ. ಗಂಡ ಈರಣ್ಣ ತೋಟದಿಂದ ಬಾಯಾರಿ ಬಂದು ಗುಡಾಣಕ್ಕೆ ಕೈ ಹಾಕಿದರೆ ಓಡಿಬಂದು ಚೊಂಬು ಕಿತ್ತುಕೊಳ್ಳುತ್ತಿದ್ದಳು. "ನಮ್ಮಪ್ಪ, ನಮ್ಮ ತಾತ ಎಲ್ಲಾ ಇದೇ ಬಾವಿ ನೀರು ಕುಡಿದು ಬದುಕಿದ್ದು ಕಣೇ" ಎಂದು ಅವನು ಗೊಣಗುತ್ತಿದ್ದ. ಗೊಣಗಿಕೊಂಡೇ ಕುದಿದ ನೀರು ಆರುವವರೆಗೆ ಜಗಲಿಯ ಮೇಲೆ ಕಾಯುತ್ತಿದ್ದ.

ಗಿರಿಜಳಿಗೆ ಏಳು ತುಂಬಿದ ವರ್ಷ, ಅಂದರೆ ಎಂಬತ್ತಾರರಲ್ಲಿ, ಡಾಕ್ಟರ್ ಹಾಲಸ್ವಾಮಿಯವರ ಕೊಳದ ಸುದ್ದಿ ಅವರ ಪಾಳ್ಯಕ್ಕೆ ಬಂತು. ಹಾಲಸ್ವಾಮಿ ನೊಣವಿನಕೆರೆಯ ಕಡೆಯವರೇ. ಬಹಳ ವರ್ಷ ಆಸ್ಟ್ರೇಲಿಯಾದಲ್ಲಿ ಮಕ್ಕಳ ಆಸ್ಪತ್ರೆಯೊಂದರಲ್ಲಿದ್ದು, ವಯಸ್ಸಾದ ಮೇಲೆ ಅಪ್ಪನ ತೆಂಗಿನ ತೋಟಕ್ಕೆ ಮರಳಿದ್ದರು. ಹಳೆಯ ಕೊಬ್ಬರಿ ಅಟ್ಟದ ಪಕ್ಕದಲ್ಲಿ ಎದೆಮಟ್ಟದ ಒಂದು ಈಜುಕೊಳ ಕಟ್ಟಿಸಿ, ಬಿಸಿಲು ಬೀಳದಂತೆ ಮೇಲೆ ಸೋಗೆಯ ಚಪ್ಪರ ಹಾಕಿಸಿ, ಕಾಲು ಬಿದ್ದ ಮಕ್ಕಳನ್ನು ಅದರಲ್ಲಿಳಿಸಿ ಆಡಿಸುತ್ತಿದ್ದರು. ಆ ನೀರಿಗೆ ತಿಪಟೂರಿನಿಂದ ಮೂಟೆಗಟ್ಟಲೆ ಉಪ್ಪು ತರಿಸಿ ಕರಗಿಸಿದ್ದರು. ಸುತ್ತಲಿನವರು ಅದನ್ನು ಉಪ್ಪಿನ ಕೊಳವೆಂದೇ ಕರೆದರು.

ಈರಣ್ಣನ ಬಲವಂತಕ್ಕೆ ಹೊಂಬಾಳಮ್ಮ ಮಗಳನ್ನು ಎತ್ತಿಕೊಂಡು ಹೋದಳು. ಕೊಳದಲ್ಲಿ ಐದಾರು ಮಕ್ಕಳು ಒಟ್ಟಿಗೇ ಇದ್ದರು. ಎಲ್ಲರ ಬಾಯಿ, ಎಲ್ಲರ ಮೂಗು, ಎಲ್ಲರ ಮೈ ಅದೇ ನೀರಿನಲ್ಲಿ. ಅವಳು ಮಗಳನ್ನು ಸೊಂಟದಿಂದ ಇಳಿಸಲೇ ಇಲ್ಲ.

"ನಮ್ಮುಡ್ಗಿ ಬ್ಯಾಡ ಡಾಕ್ಟ್ರೇ. ಹಿಂಗೇ ಇರ್ಲಿ ಬುಡಿ."

ಡಾಕ್ಟರು ಬೇಸರಪಟ್ಟುಕೊಳ್ಳಲಿಲ್ಲ. ಅವಳನ್ನು ಪಂಪಿನ ಕೋಣೆಗೆ ಕರೆದೊಯ್ದು, ಗೋಡೆಗೆ ಜೋಡಿಸಿದ್ದ ಒಂದು ಪೆಟ್ಟಿಗೆ ತೋರಿಸಿದರು. "ಇದರೊಳಗೆ ತಗಡುಗಳಿವೆ ಕಣಮ್ಮ. ಉಪ್ಪುನೀರು ಅವುಗಳ ಮಧ್ಯೆ ಹಾದುಹೋಗುವಾಗ ಕರೆಂಟು ಆ ಉಪ್ಪಿನಿಂದ ಕ್ಲೋರಿನ್ ಹುಟ್ಟಿಸುತ್ತೆ. ಅದು ರೋಗದ ಹುಳಗಳನ್ನ ಸಾಯಿಸುತ್ತೆ, ಆಮೇಲೆ ಮತ್ತೆ ಉಪ್ಪೇ ಆಗುತ್ತೆ. ಈ ನೀರು ಸಮುದ್ರದಷ್ಟು ಉಪ್ಪಲ್ಲ. ನಮ್ಮ ಕಣ್ಣೀರಿಗಿಂತ ಕಮ್ಮಿ."

ಆಮೇಲೆ ಒಂದು ಗಾಜಿನ ಕೊಳವೆಗೆ ಕೊಳದ ನೀರು ತುಂಬಿ ಅದರೊಳಕ್ಕೆ ಸಣ್ಣ ಬಿಳಿ ಮಾತ್ರೆಯೊಂದನ್ನು ಪುಡಿಮಾಡಿ ಹಾಕಿದರು. ನೀರು ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಬಣ್ಣಗಳನ್ನು ಅಚ್ಚು ಮಾಡಿದ್ದ ಒಂದು ಕಾರ್ಡಿನ ಪಕ್ಕದಲ್ಲಿ ಹಿಡಿದು ತೋರಿಸಿದರು. "ಬಣ್ಣವೇ ಬರದಿದ್ದರೆ ನೀರಲ್ಲಿ ಕ್ಲೋರಿನ್ ಇಲ್ಲ ಅಂತ. ಇಷ್ಟು ಬಂದರೆ ಸರಿಯಾಗಿದೆ. ಇದಕ್ಕಿಂತ ಗಾಢವಾದರೆ ಹೆಚ್ಚಾಯಿತು, ಕಣ್ಣು ಉರಿಯುತ್ತೆ."

ಹೊಂಬಾಳಮ್ಮ ಆ ಗುಲಾಬಿ ನೀರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನೀರೊಂದು ತಾನು ಎಂಥದ್ದೆಂದು ಅವಳಿಗೆ ತಾನೇ ಹೇಳಿತ್ತು.

ಅಂದು ಗಿರಿಜ ನೀರಿಗಿಳಿದಳು. ನೆಲದ ಮೇಲೆ ಜೋತುಬೀಳುತ್ತಿದ್ದ ಕಾಲುಗಳು ನೀರಿನಲ್ಲಿ ತಾವಾಗಿಯೇ ಮೇಲೆದ್ದವು. ಡಾಕ್ಟರ ಕೈ ಹಿಡಿದುಕೊಂಡು ಅವಳು ಬಲಗಾಲನ್ನು ಒಂದಿಷ್ಟು ಒದ್ದಳು. ದಂಡೆಯ ಮೇಲೆ ಕೂತಿದ್ದ ಹೊಂಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಪ್ರತಿ ಸಲವೂ ಅವಳು ಮೊದಲು ಆ ಕೊಳವೆಯ ಬಣ್ಣ ನೋಡದೆ ಮಗಳನ್ನು ಇಳಿಸುತ್ತಿರಲಿಲ್ಲ. ಕೆಲವು ತಿಂಗಳು ಇದನ್ನು ಗಮನಿಸಿದ ಡಾಕ್ಟರು, ನೀರು ನೋಡಿಕೊಳ್ಳುವ ಕೆಲಸವನ್ನು ಅವಳಿಗೇ ಕೊಟ್ಟರು. ಪಾಳ್ಯದಿಂದ ತೋಟಕ್ಕೆ ನಡೆದೇ ಹೋಗಬಹುದಿತ್ತು. ಪೆಟ್ಟಿಗೆಯ ಮುಖದ ಮೇಲೆ, ಕ್ಲೋರಿನ್ ಹೆಚ್ಚು ಕಮ್ಮಿ ಮಾಡಲು ತಿರುಗಿಸುವ ಗುಂಡಿಯೊಂದಿತ್ತು. ಡಾಕ್ಟರು ಅದನ್ನು ನಡುಮಧ್ಯದಲ್ಲಿ ಇಟ್ಟಿರುತ್ತಿದ್ದರು. ಕರೆಂಟು ದಿನಗಟ್ಟಲೆ ಹೋದರೆ ಹಾಕಲೆಂದು ಬ್ಲೀಚಿಂಗ್ ಪೌಡರಿನ ಒಂದು ಚೀಲವನ್ನೂ, ಅಳೆಯಲು ಹಳೆಯ ಹಾಲಿನ ಪುಡಿಯ ಡಬ್ಬಿಯನ್ನೂ ಇಟ್ಟಿದ್ದರು. ಹೊಂಬಾಳಮ್ಮ ತಪ್ಪದೆ ಕೆಲಸ ಮಾಡಿದಳು. ಅವಳಿಗೆ ಕೆಲಸ ಕಲಿಸಿದ್ದು ಅವಳ ಹೆದರಿಕೆಯೇ. ಗುಲಾಬಿ ಬಣ್ಣ ಸ್ವಲ್ಪ ತೆಳುವಾಗಿ ಕಂಡರೂ ಇನ್ನೊಂದು ಮಾತ್ರೆ ಪುಡಿಮಾಡಿ ನೋಡುತ್ತಿದ್ದಳು.

ಮುಂದಿನ ವರ್ಷ ಮುಂಗಾರಿನ ಮೊದಲ ಮಳೆಗಳು ಬಿದ್ದಾಗ, ಕೆರೆ ಏರಿಯ ಆಚೆಗಿನ ಹಟ್ಟಿಯಲ್ಲಿ ವಾಂತಿಭೇದಿ ಶುರುವಾಯಿತು. ಒಂದು ಮಗು ತೀರಿಕೊಂಡಿತು. ಅದೇ ವಾರ ಡಾಕ್ಟರು ಬೆಂಗಳೂರಿಗೆ ಹೊರಟರು. ಅಕ್ಕನಿಗೆ ಆಪರೇಷನ್ ಇತ್ತು.

"ಸೋಮವಾರ ಮಕ್ಕಳು ಬರ್ತಾರೆ. ನಾನು ಮಂಗಳವಾರ ಬಂದುಬಿಡ್ತೀನಿ" ಎಂದರು. "ನೀರು ನಿನಗೆ ಗೊತ್ತು, ಮಕ್ಕಳನ್ನ ಇಳಿಸೋದು ನಿಂಗಮ್ಮನಿಗೆ ಗೊತ್ತು. ಬಣ್ಣ ಸರಿಯಿಲ್ಲದಿದ್ದರೆ ಇಳಿಸಬೇಡಿ. ಅಷ್ಟೇ."

ನಿಂಗಮ್ಮ ತೋಟದ ಮನೆಯಲ್ಲೇ ಇರುತ್ತಿದ್ದ ಆಳು, ವಯಸ್ಸಾದವಳು, ಗಟ್ಟಿಗಿತ್ತಿ.

ಶನಿವಾರ ಸಂಜೆ ಬಿರುಗಾಳಿ ಎದ್ದಿತು. ಚಪ್ಪರದ ಒಂದು ಮೂಲೆ ಹಾರಿಹೋಗಿ ಗರಿ, ಹೊಂಬಾಳೆ, ಎಳೆಗಾಯಿ, ಮಣ್ಣು ಎಲ್ಲಾ ಕೊಳಕ್ಕೆ ಬಿತ್ತು. ಎಲ್ಲೋ ತಂತಿ ಹರಿದು ಕರೆಂಟು ಹೋಯಿತು. ಭಾನುವಾರ ಬೆಳಿಗ್ಗೆ ಹೊಂಬಾಳಮ್ಮ ಬಂದಾಗ ನಿಂಗಮ್ಮ ನೀರಿನೊಳಗೇ ನಿಂತು ಗರಿ ಎಳೆದು ಹಾಕುತ್ತಿದ್ದಳು.

"ನೆನ್ನೆ ಎತ್ತಗೋಗಿದ್ದೆ ನಿಂಗಕ್ಕ?" ಹೊಂಬಾಳಮ್ಮ ಕೇಳಿದಳು.

"ಹಟ್ಟಿಗೋಗಿದ್ದೆ ಕಣೇ. ಆ ಮಗು ತೀರ್‍ಕಂತಲ್ಲ, ನಮ್ಮ ನೆಂಟ್ರೇ. ಮಾತಾಡಿಸ್ಕಂಡು ಬರದೆ ಇರಾಕಾಯ್ತದಾ?"

ನಿಂಗಮ್ಮನ ಕೈಗಳು ಮೊಣಕೈವರೆಗೆ ನೀರಿನಲ್ಲಿದ್ದವು. ಹೊಂಬಾಳಮ್ಮ ಆ ಕೈಗಳನ್ನೇ ನೋಡಿದಳು. ಪಂಪಿನ ಕೋಣೆಗೆ ಹೋಗಿ ಕೊಳವೆ ತಂದು, ನೀರು ತುಂಬಿ, ಮಾತ್ರೆ ಹಾಕಿದಳು. ಬಣ್ಣ ಬರಲಿಲ್ಲ. ಒಂದು ಡಬ್ಬಿ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ ಕೊಳದ ಸುತ್ತ ಹುಯ್ದಳು. ಸಂಜೆ ನೋಡಿದರೆ ಗುಲಾಬಿಯ ಬರೀ ಛಾಯೆ. ಇನ್ನೊಂದು ಡಬ್ಬಿ ಹುಯ್ದಳು. ಮುಚ್ಚಂಜೆಗೆ ಕರೆಂಟು ಬಂತು. ಅವಳು ಪಂಪು ಹಾಕಿ, ಪೆಟ್ಟಿಗೆಯ ಗುಂಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಹಟ್ಟಿಯ ಮಗು, ನಿಂಗಮ್ಮನ ಕೈ, ನಾಳೆ ಬರುವ ಮಕ್ಕಳು. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಹಾಗೇ ಬಿಟ್ಟು ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಗಿರಿಜಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದಾಗ ಪಂಪು ನಿಂತಿತ್ತು. ಕರೆಂಟಿರಲಿಲ್ಲ.

"ಯಾವಾಗ ಹೋಯ್ತು ನಿಂಗಕ್ಕ?"

"ನಂಗೇನು ಗೊತ್ತು? ಬುಡ್ಡಿ ಆರಿಸಿ ಮಲಗಿದ್ದೆ."

ಕೊಳ ತಿಳಿಯಾಗಿತ್ತು, ತಳದ ಗೆರೆಗಳೂ ಕಾಣುತ್ತಿದ್ದವು. ಹೊಂಬಾಳಮ್ಮ ಸ್ವಲ್ಪ ಸಮಾಧಾನದಿಂದಲೇ ಮಾತ್ರೆ ಪುಡಿಮಾಡಿ ಹಾಕಿ, ಕೊಳವೆಯ ಬಾಯಿ ಮುಚ್ಚಿ ಅಲ್ಲಾಡಿಸಿ, ಬೆಳಕಿಗೆ ಹಿಡಿದಳು. ನೀರು ನೀರಾಗಿಯೇ ಇತ್ತು. ಬಣ್ಣದ ಸುಳಿವೇ ಇರಲಿಲ್ಲ.

ಅವಳಿಗೆ ನಂಬಲಾಗಲಿಲ್ಲ. ಎರಡು ಡಬ್ಬಿ ಪೌಡರು ಎಲ್ಲಿ ಹೋಯಿತು? ನೆನ್ನೆ ತಾನು ಬೆನ್ನು ತಿರುಗಿಸಿದ ಕೂಡಲೇ ಕರೆಂಟು ಹೋಗಿರಬೇಕು. ಅಥವಾ ನೀರಿನಲ್ಲಿರುವ ವಿಷ ಅಷ್ಟನ್ನೂ ತಿಂದುಹಾಕಿರಬೇಕು. ಎರಡನೆಯ ಯೋಚನೆ ಬಂದದ್ದೇ ಅವಳು ಮತ್ತೆ ಚೀಲದ ಕಡೆ ಹೋದಳು. ಡಬ್ಬಿ ತುಂಬಿ ಕಲಸಿ ಹುಯ್ದಳು. ಬಿದಿರಿನ ಗಳದಿಂದ ಕೊಳವನ್ನೆಲ್ಲಾ ಕದಡಿದಳು. ಕಾದು ನೋಡಿದಳು. ಬಣ್ಣವಿಲ್ಲ. ಮತ್ತೊಂದು ಡಬ್ಬಿ. ಮತ್ತೆ ಕಾದಳು. ಇಲ್ಲ. ಆಮೇಲೆ ಡಬ್ಬಿಯನ್ನು ಬದಿಗಿಟ್ಟು ಚೀಲದಿಂದಲೇ ಬಕೆಟ್ಟಿಗೆ ಸುರಿದುಕೊಂಡಳು. ಕೈಬೆರಳು ಬಿಳಿಚಿ ಸುಕ್ಕುಗಟ್ಟಿದ್ದವು; ಪುಡಿಯ ಘಾಟಿಗೆ ಮೂಗು ಯಾವಾಗಲೋ ಕಟ್ಟಿಹೋಗಿತ್ತು.

"ಏನೇ ಇದು, ಇಲ್ಲಿ ನಿಂತರೇ ಕಣ್ಣುರೀತೈತೆ" ಎಂದಳು ನಿಂಗಮ್ಮ.

"ಚೀಲದ್ದು ಕಣಕ್ಕ, ಪುಡಿ ಗಾಳಿಗೆ ಹಾರ್ತೈತೆ. ನೀರೊಳಗೆ ಏನೂ ಇಲ್ಲ, ನೋಡು." ಅವಳು ಕೊಳವೆಯನ್ನು ಚಾಚಿದಳು.

ಮೆಟ್ಟಿಲಿನ ಮೇಲೆ ಕೂತಿದ್ದ ಗಿರಿಜ, "ಅವ್ವ, ನಾನು ಹಾಕ್ತೀನಿ" ಎಂದು ಕೈಚಾಚಿದಳು. ಈ ಸಲದ ಮಾತ್ರೆಯನ್ನು ಅವಳೇ ಹಾಕಿದಳು. "ಅಗೋ ಬಂತು! ಕೆಂಪಾಯ್ತು ಕಣವ್ವ... ಹೋಯ್ತು."

"ಎಲ್ಲಿ?"

"ಬಂದು ಹೋಯ್ತು."

ಹೊಂಬಾಳಮ್ಮ ನೋಡಿದಾಗ ಕೊಳವೆಯಲ್ಲಿದ್ದದ್ದು ಬರೀ ನೀರು. ಮಗು ಆಸೆಗೆ ಹೇಳುತ್ತಿದೆ ಎಂದುಕೊಂಡಳು.

ಅಷ್ಟರಲ್ಲಿ, ಮಿಕ್ಕ ಮಕ್ಕಳಿಗಿಂತ ಮುಂಚೆಯೇ, ಬಸ್ಸಿಳಿದು ಕರಿಯಪ್ಪ ಬಂದ. ತುರುವೇಕೆರೆಯ ಆಚೆಗಿನ ಹಳ್ಳಿಯವನು, ತೆಂಗಿನ ಮರ ಹತ್ತಿ ಕಾಯಿ ಕೆಡವುವ ಕೆಲಸ. ಮಗ ಲೋಕೇಶ ಗಿರಿಜಳಿಗಿಂತ ಒಂದು ವರ್ಷ ಚಿಕ್ಕವನು. ಅವನ ಎರಡೂ ಕಾಲು ಸೋತಿದ್ದವು, ಎದೆಯೂ ಸ್ವಲ್ಪ ನಿಶ್ಶಕ್ತಿ. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಎರಡು ಬಸ್ಸು ಹತ್ತಿ ಇಳಿದು ಬರುತ್ತಿದ್ದ.

"ಇವತ್ತು ಇಳಿಸೋದು ಬ್ಯಾಡ ಕರಿಯಣ್ಣ. ನೀರು ಸರಿಯಿಲ್ಲ" ಎಂದಳು ಹೊಂಬಾಳಮ್ಮ.

ಕರಿಯಪ್ಪ ಕೊಳ ನೋಡಿದ, ಅವಳನ್ನು ನೋಡಿದ. "ಇಷ್ಟು ತಿಳಿಯಾಗೈತಲ್ಲ ತಾಯಿ? ಬಿದ್ದ ಸೂಜಿನೂ ಕಾಣ್ತೈತೆ."

"ತಿಳಿಯಾಗಿದ್ರೆ ಆಗಲ್ಲ ಕಣಣ್ಣ. ಬಣ್ಣ ಬತ್ತಿಲ್ಲ. ಹಟ್ಟೀಲಿ ರೋಗ ಐತೆ. ನನ್ನ ಮಾತು ಕೇಳು."

"ಹದಿನೈದು ದಿನದಿಂದ ಕಾಯ್ತಾವ್ನೆ ಇವನು. ಮರ ಹತ್ತೋದು ಬುಟ್ಟು ಬಂದಿವ್ನಿ."

"ಮಾತ್ರೆ ಏನಾದ್ರೂ ಮಳೆಗೆ ಮುಗ್ಗಾಗಿರಬೈದು. ಡಾಕ್ಟ್ರ ಮನೇಲಿ ಹೊಸಾ ಪಟ್ಟಿ ಐತೆ, ತತ್ತೀನಿ. ಇಲ್ಲೇ ಕೂತಿರು. ಇಳಿಸಬ್ಯಾಡ." ಹಾಗೆಂದು ಅವಳು ನಿಂಗಮ್ಮನಿಂದ ಬೀಗದ ಕೈ ಇಸಿದುಕೊಂಡು ಮನೆಯತ್ತ ಓಡಿದಳು. ನಿಂಗಮ್ಮ ಕಣ್ಣೊರೆಸಿಕೊಳ್ಳುತ್ತಾ ದನ ಕಟ್ಟಿಹಾಕಲು ಕೊಟ್ಟಿಗೆಗೆ ಹೋದಳು.

ಮಾತ್ರೆಯ ಪಟ್ಟಿ ಬೀರುವಿನಲ್ಲಿ ಸಿಕ್ಕಿದ್ದೇ ತಡ, ಹೊರಗೆ ಮಗುವಿನ ಕಿರುಚಾಟ ಕೇಳಿಸಿತು. ಒಂದಲ್ಲ, ಎರಡು ದನಿ.

ಕರಿಯಪ್ಪ ಮಗನ ಗೋಗರೆತಕ್ಕೆ ಸೋತು, ಒಂದು ಗಳಿಗೆ ಕಾಲು ನೆನೆಸಿದರೇನು ಎಂದು ಅವನನ್ನು ಮೆಟ್ಟಿಲಿಗೆ ಇಳಿಸಿದ್ದ. ಲೋಕೇಶ ಎಂದಿನಂತೆ ಮುಂದಕ್ಕೆ ಜಾರಿ ಮುಳುಗಿದ್ದ. ಅವನನ್ನು ಕಂಡು ಗಿರಿಜಳೂ ಮೆಟ್ಟಿಲಿನಿಂದ ಜಾರಿ ನೀರಿಗೆ ಬಿದ್ದಿದ್ದಳು. ಹೊಂಬಾಳಮ್ಮ ಬಂದು ನೋಡಿದಾಗ ಎರಡೂ ಮಕ್ಕಳು ಕಣ್ಣು ಮುಚ್ಚಿಕೊಂಡು, ಕೈ ಬಡಿಯುತ್ತಾ, ಕೆಮ್ಮಿನ ನಡುವೆ ಉಸಿರಿಗಾಗಿ ಬಾಯಿ ಬಿಡುತ್ತಿದ್ದರು. ಕರಿಯಪ್ಪ ಮಗನ ಕಡೆಗೆ ಧುಮುಕಿದ್ದ. ಗಿರಿಜ ನಡುವಿಗೆ ತೇಲಿಹೋಗಿದ್ದಳು.

ಮೊಣಕಾಲಿಗಿಂತ ಆಳದ ನೀರಿಗೆ ಎಂದೂ ಇಳಿಯದಿದ್ದ ಹೊಂಬಾಳಮ್ಮ ಉಟ್ಟ ಸೀರೆಯಲ್ಲೇ ಹಾರಿದಳು. ನೀರು ಮುಖಕ್ಕೆ ಬಡಿದದ್ದೇ ಕಣ್ಣಿಗೆ ಖಾರ ಎರಚಿದಂತಾಯಿತು. ಗಂಟಲು ಬಿಗಿಯಿತು. ಕಣ್ಣು ಬಿಡಲಾಗದೆ ಮಗಳ ದನಿಯ ಕಡೆಗೆ ಕೈ ಚಾಚಿ, ಲಂಗ ಸಿಕ್ಕಿ, ಅದನ್ನೇ ಹಿಡಿದು ಎಳೆದಳು. ದಂಡೆಗೆ ಬರುವಷ್ಟರಲ್ಲಿ ಅವಳಿಗೆ ಅರ್ಥವಾಗಿತ್ತು. ಇದು ರೋಗದ ನೀರಲ್ಲ. ತಾನು ಬೆಳಗಿನಿಂದ ಬಕೆಟ್ಟು ಬಕೆಟ್ಟು ಹುಯ್ದದ್ದೆಲ್ಲಾ ಅಲ್ಲೇ ಇತ್ತು, ಒಂದಿಷ್ಟೂ ಎಲ್ಲಿಗೂ ಹೋಗಿರಲಿಲ್ಲ.

"ಅವ್ವ ಕಣ್ಣು! ಅವ್ವ ಕಣ್ಣು!"

"ನೀರು ತಾರೇ ನಿಂಗಕ್ಕ, ನೀರು!"

ಕರೆಂಟಿಲ್ಲದೆ ನಲ್ಲಿಗಳೆಲ್ಲ ಒಣಗಿದ್ದವು. ಅವಳು ಮನೆಯಿಂದ ತಂದಿದ್ದ ಕಾಯಿಸಿದ ನೀರು ಒಂದು ಬಾಟಲಿಯಷ್ಟಿತ್ತು. ಅದು ಎರಡು ಮಕ್ಕಳ ಮುಖಕ್ಕೆ ಒಂದು ಕ್ಷಣಕ್ಕೂ ಸಾಲಲಿಲ್ಲ. ಹತ್ತಿರವಿದ್ದದ್ದು ಕೊಟ್ಟಿಗೆಯ ಮುಂದಿನ ಕಲ್ಲುಬಾನಿ. ದನಗಳು ಕುಡಿಯುವ ನೀರು. ಮೇಲೆ ಹುಲ್ಲಿನ ಕಡ್ಡಿ ತೇಲುತ್ತಿತ್ತು, ಅಂಚಿಗೆ ಪಾಚಿ ಕಟ್ಟಿತ್ತು. ಹೊಂಬಾಳಮ್ಮ ಅದರ ಮುಂದೆ ಮಗಳನ್ನು ಹಿಡಿದು ನಿಂತು, ಬಾನಿಯೊಳಗೆ ನೋಡಿದಳು. ಕೈ ಮುಂದಕ್ಕೆ ಹೋಗಲಿಲ್ಲ. ಗಿರಿಜಳ ಕೆಮ್ಮು ಒಳಗೇ ಸಿಕ್ಕಿಕೊಂಡು ಮುಖ ಕಪ್ಪಿಟ್ಟಿತು.

ಅವಳು ಚೊಂಬಿನಲ್ಲಿ ಮೊಗೆದು ಮಗಳ ಕಣ್ಣಿಗೆ, ಮೂಗಿಗೆ, ಬಾಯಿಗೆ ಹುಯ್ದಳು. ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಮತ್ತೆ ಹುಯ್ದಳು. ಪಕ್ಕದಲ್ಲಿ ಕರಿಯಪ್ಪ ಮಗನ ತಲೆಯನ್ನೇ ಬಾನಿಯ ಮೇಲೆ ಬಗ್ಗಿಸಿದ. ನಿಂಗಮ್ಮ ಒಂದರ ಮೇಲೊಂದು ಚೊಂಬು ಸುರಿದಳು. ಬಾನಿ ತಳ ಕಾಣುವವರೆಗೂ ಅವರು ನಿಲ್ಲಿಸಲಿಲ್ಲ.

ಗಿರಿಜಳ ಕೆಮ್ಮು ಸಡಿಲವಾಯಿತು. ಲೋಕೇಶನದು ಆಗಲಿಲ್ಲ. ಉಸಿರು ಎಳೆದಾಗೆಲ್ಲ ಸಿಳ್ಳೆಯ ಸದ್ದು ಬರುತ್ತಿತ್ತು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ರಸ್ತೆಗೆ ಓಡಿದರು. ತಿಪಟೂರಿನ ಮಾರ್ಕೆಟ್ಟಿಗೆ ಕೊಬ್ಬರಿ ಹೊತ್ತು ಹೊರಟಿದ್ದ ಲಾರಿಯೊಂದನ್ನು ಕರಿಯಪ್ಪ ಅಡ್ಡ ನಿಂತೇ ತಡೆದ. ದಾರಿಯುದ್ದಕ್ಕೂ ಹೊಂಬಾಳಮ್ಮ ಮಗಳನ್ನು ಎದೆಗೊತ್ತಿಕೊಂಡು, ಆ ಹುಡುಗನ ಸಿಳ್ಳೆಯನ್ನೇ ಕೇಳುತ್ತಿದ್ದಳು. ಅದು ನಿಂತರೆ ಏನು ಗತಿ ಎನ್ನುವುದರ ಆಚೆಗೆ ಅವಳ ಮನಸ್ಸು ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಲೋಕೇಶನನ್ನು ಒಳಗೆ ಕರೆದೊಯ್ದು ಮೂಗಿಗೆ ಆಕ್ಸಿಜನ್ ಹಿಡಿದರು. ಗಿರಿಜಳ ಕಣ್ಣನ್ನು ಇನ್ನೊಮ್ಮೆ ತೊಳೆದು, ಔಷಧಿ ಬಿಟ್ಟು, ಹತ್ತಿಯಿಟ್ಟು ಬಟ್ಟೆ ಕಟ್ಟಿದರು. ನಾಳೆ ಬಿಚ್ಚಿ ನೋಡುವವರೆಗೆ ಏನೂ ಹೇಳಲಾಗುವುದಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಕರಿಯಪ್ಪ ಅವಳಿಗೆ ಬೆನ್ನು ಮಾಡಿ ಕೂತಿದ್ದ. ತಿರುಗದೆಯೇ, "ಇಳಿಸಿದೋನು ನಾನು ತಾಯಿ. ಅದು ನಂದೇ" ಎಂದ. "ಆದ್ರೆ ಅದರೊಳಗೆ ಏನು ಹಾಕಿದ್ದೆ ಅಂತ ನೀನು ಹೇಳ್ಬೇಕು."

ಅವಳು ಹೇಳಿದಳು. ಎಷ್ಟು ಸಲ, ಯಾಕೆ, ಎಲ್ಲವನ್ನೂ. ಕೇಳಿ ಅವನು ಎದ್ದು ಮಗನಿದ್ದ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಸಂಜೆ ಈರಣ್ಣ ಬಂದ. ಪೋಸ್ಟಾಫೀಸಿನಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ ಡಾಕ್ಟರಿಗೆ ತಿಳಿಸಿದ್ದ. ಹೆಂಡತಿಯ ಕೆಂಪು ಕಣ್ಣನ್ನೂ ಬಣ್ಣ ಹಾರಿ ಬಿಳಿ ಮಚ್ಚೆಯಾಗಿದ್ದ ಸೀರೆಯನ್ನೂ ನೋಡಿ, ಪಕ್ಕದಲ್ಲಿ ಕೂತ. ಕಣ್ಣು ಕಟ್ಟಿಸಿಕೊಂಡು ಮಲಗಿದ್ದ ಗಿರಿಜ ಆಗಾಗ, "ಅವ್ವ, ಬೆಳಗಾಯ್ತಾ?" ಎಂದು ಕೇಳುತ್ತಿದ್ದಳು. "ಇನ್ನೂ ಇಲ್ಲ ಕಣವ್ವ" ಎನ್ನುತ್ತಾ ಹೊಂಬಾಳಮ್ಮ ಅವಳ ಕೂದಲು ನೇವರಿಸುತ್ತಿದ್ದಳು. ಕಾಲು ಹೋದ ಮಗು. ಕಣ್ಣೂ ಹೋದರೆ?

ಬೆಳಿಗ್ಗೆ ನರ್ಸು ಬಟ್ಟೆ ಬಿಚ್ಚಿದರು. ಗಿರಿಜ ರೆಪ್ಪೆ ಬಡಿದಳು, ಬೆಳಕಿಗೆ ಮುಖ ಕಿವುಚಿದಳು, ನೀರು ಸುರಿಸಿದಳು. ನರ್ಸು ಎರಡು ಬೆರಳು ಹಿಡಿದು ಎಷ್ಟು ಎಂದರು. ಮಗು ಕಣ್ಣು ಕಿರಿದುಮಾಡಿತು. ಹೊಂಬಾಳಮ್ಮ ಮಂಚದ ಕಂಬಿ ಹಿಡಿದುಕೊಂಡಳು.

"ಎರಡು" ಎಂದಳು ಗಿರಿಜ. "ಉಂಗುರ ಹಾಕವ್ರೆ."

ಲೋಕೇಶನ ಉಸಿರು ಕೂಡ ಅಷ್ಟು ಹೊತ್ತಿಗೆ ಸದ್ದಿಲ್ಲದೆ ಆಡುತ್ತಿತ್ತು. ಅವನನ್ನು ಮಾತ್ರ ಇನ್ನೂ ಕೆಲವು ದಿನ ಇಟ್ಟುಕೊಂಡರು.

ಮಧ್ಯಾಹ್ನ ಹಾಲಸ್ವಾಮಿ ಬಂದರು. ಮಕ್ಕಳನ್ನು ನೋಡಿ, ಆಸ್ಪತ್ರೆಯವರ ಜೊತೆ ಮಾತಾಡಿ, ಗಿರಿಜಳ ಜೊತೆ ಹೊಂಬಾಳಮ್ಮನನ್ನೂ ಈರಣ್ಣನನ್ನೂ ತೋಟಕ್ಕೆ ಕರೆದೊಯ್ದರು. ಅವಳು ಬರುವುದಿಲ್ಲವೆಂದಳು, ಅವರು ಬಿಡಲಿಲ್ಲ. ಕೊಳದ ನೀರನ್ನು ಕೊಳವೆಗೆ ತುಂಬಿ ಮಾತ್ರೆ ಹಾಕಿ, ಅವಳ ಕಣ್ಣಿನ ಮಟ್ಟಕ್ಕೆ ಹಿಡಿದರು.

"ಈಗ ರೆಪ್ಪೆ ಮಿಟುಕಿಸಬೇಡ."

ಮಾತ್ರೆ ಕರಗುವ ಕಡೆ ಕಡುಗುಲಾಬಿಯ ಎಳೆಯೊಂದು ಚಿಮ್ಮಿತು. ಚಿಮ್ಮಿದಷ್ಟೇ ಬೇಗ ಮಾಯವಾಯಿತು. ನೀರು ನೀರಾಯಿತು.

"ನೀನು ಕೊನೆಯವರೆಗೂ ತಿರುಗಿಸಿಟ್ಟ ಪೆಟ್ಟಿಗೆ ರಾತ್ರಿ ಬಹಳ ಹೊತ್ತು ನಡೆದು, ಬೆಳಗಿನ ಹೊತ್ತಿಗೇ ಹೆಚ್ಚಾಗಿತ್ತು. ಕ್ಲೋರಿನ್ ಅಳತೆ ಮೀರಿದರೆ ಬಣ್ಣವನ್ನೂ ಸುಟ್ಟುಬಿಡುತ್ತೆ. ನಿನ್ನ ಸೀರೆಯ ಬಣ್ಣ ಹಾರಿಸಿದ ಹಾಗೇನೇ" ಎಂದರು. ಆಮೇಲೆ ಲೋಟದ ತುಂಬ ಕಾಯಿಸಿ ಆರಿಸಿದ ನೀರಿಗೆ ಕೊಳದ ನೀರನ್ನು ಒಂದೇ ಒಂದು ಚಮಚೆ ಬೆರೆಸಿ ಮಾತ್ರೆ ಹಾಕಿದರು. ಲೋಟ ಗುಲಾಬಿಯಾಯಿತು. "ಇಲ್ಲ ಅಂತ ತೋರಿಸೋದು, ಅತಿಯಾಗಿದೆ ಅಂತ ತೋರಿಸೋದು, ಎರಡೂ ಒಂದೇ ಥರ ಕಾಣುತ್ತೆ. ಇದನ್ನ ನಾನು ನಿನಗೆ ಹೇಳಿಕೊಡಲಿಲ್ಲ. ಇಷ್ಟು ಹಾಕೋರು ಯಾರಿದ್ದಾರೆ ಅಂದುಕೊಂಡಿದ್ದೆ."

"ಗಿರಿಜ ಹೇಳಿದ್ಲು" ಎಂದಳು ಹೊಂಬಾಳಮ್ಮ. "ಬಂದು ಹೋಯ್ತು ಅಂದ್ಲು. ನಾನು ಕೇಳಲಿಲ್ಲ." ಅಲ್ಲೇ ಕುಕ್ಕರಿಸಿ ಕೂತು ಅತ್ತಳು. ಡಾಕ್ಟರು ಚಪ್ಪರದ ಸೋಗೆಯನ್ನು ತೆಗೆಸಿ, ಅರ್ಧ ನೀರು ಹೊರಬಿಟ್ಟು, ಉಳಿದದ್ದನ್ನು ಬಿಸಿಲಿಗೆ ಒಡ್ಡಿದರು. ಬಿಸಿಲು ಕ್ಲೋರಿನ್ನನ್ನು ತಾನೇ ಕಳೆಯುತ್ತದೆ ಎಂದರು.

ಹೊಂಬಾಳಮ್ಮನ ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಬಾನಿಯ ನೀರು ಮಗಳ ಬಾಯಿಗೂ ಹೋಗಿತ್ತು. ದಿನವೂ ಗಿರಿಜಳ ಹಣೆಯ ಮೇಲೆ ಅಂಗೈಯಿಟ್ಟು ಕಾದಳು. ಅವಳು ಒಮ್ಮೆ ಸೀನಿದರೆ ಒಲೆಯ ಮುಂದಿನಿಂದ ಎದ್ದು ಓಡಿದಳು. ಒಂದು ಸಂಜೆ ಮಗುವಿನ ಮೈ ಸ್ವಲ್ಪ ಬೆಚ್ಚಗಿತ್ತು. ಈರಣ್ಣ, "ಬಿಸಿಲಲ್ಲಿ ಕೂತಿದ್ಲು ಕಣೇ" ಎಂದ. ಅವಳು ನಂಬಲಿಲ್ಲ, ದೀಪ ಹಚ್ಚುವವರೆಗೂ ಮಗಳ ಪಾದ ತಿಕ್ಕುತ್ತಾ ಕೂತಳು. ಜ್ವರ ಬರಲಿಲ್ಲ. ಎರಡು ವಾರ ಕಳೆದವು, ಮೂರಾಯಿತು, ಬರಲಿಲ್ಲ.

ಆದರೆ ಕೊಳಕ್ಕೆ ಮಕ್ಕಳೂ ಬರಲಿಲ್ಲ. ಸುದ್ದಿ ಬಸ್ಸಿಗಿಂತ ಬೇಗ ಊರೂರು ಮುಟ್ಟಿತ್ತು. ಉಪ್ಪಿನ ಕೊಳದಲ್ಲಿ ಮಗು ಬೆಂದುಹೋಯಿತಂತೆ ಎಂದು ಚಿಕ್ಕನಾಯಕನಹಳ್ಳಿಯವರೆಗೂ ಮಾತಾಯಿತು. ಡಾಕ್ಟರು ಮಕ್ಕಳಿಲ್ಲದ ಕೊಳದ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುವುದನ್ನು ಹೊಂಬಾಳಮ್ಮ ಒಂದು ದಿನ ಬೇಲಿಯಾಚೆಯಿಂದ ನೋಡಿದಳು. ಮನೆಗೆ ಬಂದು ಗಿರಿಜಳ ಕಾಲು ನೀವುವಾಗ, ಗಟ್ಟಿಯಾಗುತ್ತಿದ್ದ ಬಲತೊಡೆ ಮತ್ತೆ ಮೆತ್ತಗಾಗಿದ್ದದ್ದು ಕೈಗೆ ತಿಳಿಯಿತು.

ಮಾರನೆಯ ದಿನ ಅವಳೊಬ್ಬಳೇ ಬಸ್ಸು ಹತ್ತಿ ತುರುವೇಕೆರೆ ದಾಟಿ ಕರಿಯಪ್ಪನ ಊರಿಗೆ ಹೋದಳು. ಕರಿಯಪ್ಪ ಇರಲಿಲ್ಲ. ಹೆಂಡತಿ ಚಿಕ್ಕಗೌರಮ್ಮ ಬಾಗಿಲಲ್ಲಿ ನಿಂತಳು, ಒಳಗೆ ಕರೆಯಲಿಲ್ಲ. ಅವಳ ಹಿಂದೆ ಲೋಕೇಶ ಗೋಡೆಗೊರಗಿ ತೆಂಗಿನ ಚಿಪ್ಪಿನಲ್ಲಿ ಆಡುತ್ತಿದ್ದ. ಹೊಂಬಾಳಮ್ಮನಿಗೆ ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಉಡುಗನ್ನ ಕರ್‍ಕಂಡು ಬನ್ನಿ ಅನ್ನಾಕೆ ಬಂದೆ" ಎಂದಳು ಕೊನೆಗೆ. "ನೀರು ಈಗ ಸರಿಯಾಗೈತೆ. ಇಳಿಸೋಕೆ ಮುಂಚೆ ನಾನೇ ನೋಡ್ತೀನಿ."

"ಅವತ್ತೂ ನೀನೇ ನೋಡಿದ್ದು."

"ಹೌದು ಕಣವ್ವ."

ಚಿಕ್ಕಗೌರಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಆ ಉಸಿರು ನಾನು ಕೇಳಿವ್ನಿ. ಆಸ್ಪತ್ರೇಲಿ ಆ ರಾತ್ರಿಯೆಲ್ಲಾ ಕೇಳಿವ್ನಿ. ನೀನು ಏನೇ ಹೇಳು, ನನ್ನ ಎದೆ ಒಪ್ಪಲ್ಲ." ಮಗನ ಕಡೆ ತಿರುಗಿ ನೋಡಿ, "ಮೊದ್ಲು ನೀನು ಇಳಿ" ಎಂದಳು. "ತಲೆ ಮುಳುಗಿಸಿ, ಕಣ್ಣು ಬುಟ್ಕಂಡು. ನಾನು ದಂಡೆ ಮೇಲೆ ನಿಂತು ನೋಡ್ತೀನಿ. ಆಮ್ಯಾಲೆ ನನ್ನ ಮಗ."

ಸೋಮವಾರ ಗಂಡ ಹೆಂಡತಿ ಇಬ್ಬರೂ ಬಂದರು. ಹೊಂಬಾಳಮ್ಮ ಅವರ ಎದುರಿಗೇ ಎರಡು ಸಲ ಪರೀಕ್ಷೆ ಮಾಡಿದಳು, ಒಂದು ಕೊಳದ ನೀರಿನಲ್ಲಿ, ಒಂದು ನೀರು ಬೆರೆಸಿ ತೆಳುಮಾಡಿದ್ದರಲ್ಲಿ. ಡಾಕ್ಟರು ಕಾರ್ಡಿನ ಪಕ್ಕ ಹಿಡಿದು ತಲೆಯಾಡಿಸಿದರು. ಸರಿಯಾಗಿತ್ತು. ಆದರೂ ಅವಳು ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಇಳಿದಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಅವಳು ಮೂಗು ಹಿಡಿದು ಮುಳುಗಿ, ಒಳಗೆ ಕಣ್ಣು ತೆರೆದಳು. ಮಸುಕು ಹಸಿರು ಬೆಳಕು ಬಿಟ್ಟರೆ ಬೇರೇನೂ ಕಾಣಲಿಲ್ಲ. ಉರಿಯಲಿಲ್ಲ.

ಮೇಲೆದ್ದು ಚಿಕ್ಕಗೌರಮ್ಮನ ಕಡೆ ಮುಖ ಮಾಡಿ, ಕಣ್ಣು ಒರೆಸಿಕೊಳ್ಳದೆ ನಿಂತಳು. ಚಿಕ್ಕಗೌರಮ್ಮ ಬಗ್ಗಿ ಆ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗನನ್ನು ಗಂಡನ ಕೈಯಿಂದ ತಾನೇ ತೆಗೆದುಕೊಂಡು, ಬಿಡಲೋ ಬೇಡವೋ ಎಂದು ಒಮ್ಮೆ ಹಿಂದೆ ಸರಿದು, ಹೊಂಬಾಳಮ್ಮನ ತೋಳಿಗೆ ಇಳಿಸಿದಳು. ಲೋಕೇಶ ಎರಡೂ ಕೈಯಿಂದ ಹೊಂಬಾಳಮ್ಮನ ಕುತ್ತಿಗೆಯನ್ನು ಉಸಿರು ಕಟ್ಟುವಷ್ಟು ಬಿಗಿಯಾಗಿ ಹಿಡಿದ.

"ಉರಿತೈತೇನ್ಲಾ?" ದಂಡೆಯಿಂದ ಕರಿಯಪ್ಪ ಕೂಗಿದ.

ಹುಡುಗ ಅವಳ ಭುಜಕ್ಕೆ ಮುಖ ಒತ್ತಿಕೊಂಡ. ಹೊಂಬಾಳಮ್ಮ ಅವನನ್ನು ಹಾಗೇ ಹಿಡಿದುಕೊಂಡು, ಅವನ ಎದೆ ತನ್ನ ಎದೆಗೆ ತಾಗಿ ಏರಿಳಿಯುವುದನ್ನು ಗಮನಿಸುತ್ತಾ, ಅವನು ತಾನಾಗಿಯೇ ಒಂದು ಕೈ ಸಡಿಲಿಸುವವರೆಗೂ ಅಲ್ಲಾಡದೆ ನಿಂತಿದ್ದಳು.